ಕಚೇರಿ ವೇಳೆ ಬದಲಿಸುವ ಆದೇಶಕ್ಕೆ ಇನ್ನೆರಡು ಪುಟ ಸೇರಿಸಿ: ಕಲ್ಯಾಣ ಕರ್ನಾಟಕದ ಜಿಲ್ಲಾಡಳಿತಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ಜಿಲ್ಲಾ ಪಂಚಾಯಿತಿಗಳ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳೇ, ನಗರ ಸ್ಥಳೀಯ ಸಂಸ್ಥೆಗಳ ಆಯುಕ್ತರೇ ಹಾಗೂ ಮುಖ್ಯಾಧಿಕಾರಿಗಳೇ,

ಬೇಸಿಗೆ ಏರುವ ಹೊತ್ತಿಗೆ ರಾಜ್ಯ ಸರ್ಕಾರದಿಂದ ಒಂದು ಆದೇಶ ಹೊರಡುವುದು ನಮ್ಮ ಭಾಗದಲ್ಲಿ ವರ್ಷಗಳಿಂದ ನಡೆದುಬಂದ ರೂಢಿ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಹಾಗೂ ಬೆಳಗಾವಿ ವಿಭಾಗದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8 ಗಂಟೆಯಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡತಕ್ಕದ್ದು ಎಂಬುದು ಅದರ ಸಾರ. ನೌಕರರ ಈ ಸೌಲಭ್ಯದ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಆದೇಶ ಸರಿಯಾಗಿಯೇ ಇದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಬಿಸಿಲು ಬೆಂಗಳೂರಿನ ಬಿಸಿಲಲ್ಲ ಎಂಬುದನ್ನೂ, ಆ ಬಿಸಿಲಿನಲ್ಲಿ ಮನುಷ್ಯನಿಂದ ನೆಟ್ಟಗೆ ಕೆಲಸವಾಗುವುದಿಲ್ಲ ಎಂಬುದನ್ನೂ, ಇದಕ್ಕೆ ಪರಿಹಾರ ನೌಕರನಿಗೆ ಬುದ್ಧಿವಾದ ಹೇಳುವುದಲ್ಲ, ಕೆಲಸದ ವೇಳೆಯನ್ನೇ ಸರಿಸುವುದು ಎಂಬುದನ್ನೂ ಸರ್ಕಾರ ತನ್ನ ಮೊಹರಿನೊಂದಿಗೆ ಒಪ್ಪಿಕೊಂಡ ಅಪರೂಪದ ಕಾಗದ ಅದು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವರಿಗೂ ಈ ವಿವೇಕವನ್ನು ವಿಸ್ತರಿಸಬೇಕು ಎಂದು ಕೇಳುವುದಷ್ಟೇ ಈ ಪತ್ರದ ಉದ್ದೇಶ.

ಉಳಿದ ಜನರಿಗೆ ತಮ್ಮ ಕಡೆಯಿಂದ ಸಿಗುತ್ತಿರುವುದು ಸಲಹೆ. ಮಧ್ಯಾಹ್ನ ಹೊರಗೆ ಬರಬೇಡಿ, ಬಾಯಾರಿಕೆ ಆಗದಿದ್ದರೂ ನೀರು ಕುಡಿಯಿರಿ, ತೆಳು ಬಣ್ಣದ ಸಡಿಲವಾದ ಹತ್ತಿ ಬಟ್ಟೆ ಧರಿಸಿ, ಛತ್ರಿ ಬಳಸಿ ಎಂದು ಪ್ರತಿ ಬೇಸಿಗೆಯಲ್ಲಿ ಪ್ರಕಟಣೆ ಬರುತ್ತದೆ. ಇದರಲ್ಲಿ ಒಂದು ಮಾತೂ ತಪ್ಪಲ್ಲ. ಆದರೆ ಮಾರುಕಟ್ಟೆ ಪ್ರಾಂಗಣದಲ್ಲಿ ತೊಗರಿ ಚೀಲ ಹೊರುವ ಹಮಾಲ, ಶಹಾಬಾದ್ ಮತ್ತು ಚಿತ್ತಾಪುರದ ಸುತ್ತಿನ ಕಲ್ಲುಗಣಿಗಳಲ್ಲಿ ಬಿಳಿಚಿಕೊಂಡ ಬಂಡೆಯ ಮೇಲೆ ಕುಳಿತು ಪರಸಿ (ನೆಲಹಾಸಿನ ಚಪ್ಪಡಿ ಕಲ್ಲು) ಬಿಡಿಸುವ ಕಾರ್ಮಿಕ, ತಳ್ಳುಗಾಡಿಯಲ್ಲಿ ಬಾಳೆಹಣ್ಣು ಮಾರುವ ಹೆಂಗಸು, ಮೂರನೇ ಮಹಡಿಗೆ ಊಟದ ಪೊಟ್ಟಣ ತಲುಪಿಸುವ ಹುಡುಗ, ಇವರಲ್ಲಿ ಯಾರು ಮಧ್ಯಾಹ್ನ ಮನೆಯಲ್ಲಿ ಇರಬಲ್ಲರು? ಪಾಲಿಸಲು ಶಕ್ತಿಯಿರುವವರು ಸಲಹೆ ಇಲ್ಲದೆಯೂ ಪಾಲಿಸುತ್ತಾರೆ. ಪಾಲಿಸಲಾಗದವರಿಗೆ ಅದೇ ಸಲಹೆಯನ್ನು ವರ್ಷವರ್ಷವೂ ಮುದ್ರಿಸಿ ಹಂಚಿದರೆ ಮುದ್ರಣದ ವೆಚ್ಚವಷ್ಟೇ ಲೆಕ್ಕಕ್ಕೆ ಬರುತ್ತದೆ.

ಪತ್ರಿಕೆಯಲ್ಲಿ ಅಚ್ಚಾಗುವ ಉಷ್ಣಾಂಶದ ಬಗ್ಗೆಯೂ ಒಂದು ಮಾತು ಹೇಳಬೇಕು. ಹವಾಮಾನ ಇಲಾಖೆಯ ಉಷ್ಣಮಾಪಕ ಇರುವುದು ಬಿಳಿ ಬಣ್ಣ ಬಳಿದ, ಗಾಳಿಯಾಡುವ ಪಟ್ಟಿಗಳಿರುವ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ. ಅಂದರೆ ಕಲಬುರಗಿಯಲ್ಲಿ 42 ಡಿಗ್ರಿ ಎಂದು ನಾವು ಓದುವುದು ನೆರಳಿನ ಗಾಳಿಯ ಉಷ್ಣಾಂಶ. ಡಾಂಬರು ರಸ್ತೆಯ ಮೈ ಆ ಹೊತ್ತಿಗೆ 60 ಡಿಗ್ರಿ ದಾಟಿರುತ್ತದೆ. ನೆತ್ತಿಯ ಮೇಲಿನ ಸೂರ್ಯ, ಕಾಲ ಕೆಳಗಿನ ಡಾಂಬರು, ಪಕ್ಕದಲ್ಲಿ ನಿಂತ ಲಾರಿಯ ಎಂಜಿನ್ ಈ ಮೂರರ ನಡುವೆ ನಿಂತವನು ಅನುಭವಿಸುವ ಬಿಸಿ ಆ 42ರಲ್ಲಿ ಸೇರಿಲ್ಲ. ಬಯಲು ಸೀಮೆಯಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ, ಇಲ್ಲವೇ ನೇರವಾಗಿ 45 ಡಿಗ್ರಿ ತಲುಪಿದರೆ ಇಲಾಖೆ ಅದನ್ನು ಬಿಸಿಗಾಳಿ ಎಂದು ಪರಿಗಣಿಸುತ್ತದೆ. ನಮ್ಮಲ್ಲಿ ಮೇ ತಿಂಗಳ ವಾಡಿಕೆಯೇ 40ರ ಆಸುಪಾಸು ಇರುವುದರಿಂದ 42, 43 ಡಿಗ್ರಿಯ ದಿನಗಳು ಎಷ್ಟೋ ಸಲ ಬಿಸಿಗಾಳಿಯ ಪಟ್ಟಿಗೇ ಸೇರುವುದಿಲ್ಲ. ಎಚ್ಚರಿಕೆ ಬಂದ ದಿನ ಮಾತ್ರ ಕ್ರಮ ಎಂದು ಕುಳಿತರೆ ಅಂತಹ ದಿನಗಳೆಲ್ಲ ಯಾವ ಕ್ರಮವೂ ಇಲ್ಲದೆ ಕಳೆದುಹೋಗುತ್ತವೆ. ಕಚೇರಿ ವೇಳೆಯ ಆದೇಶ ಯಾವ ಎಚ್ಚರಿಕೆಗೂ ಕಾಯುವುದಿಲ್ಲ, ಎರಡು ತಿಂಗಳು ಪೂರ್ತಿ ಜಾರಿಯಲ್ಲಿರುತ್ತದೆ ಎಂಬುದನ್ನು ಇಲ್ಲಿ ನೆನಪಿಸುತ್ತೇನೆ.

ಗಾಳಿ ಮೈಗಿಂತ ಬಿಸಿಯಾದ ಮೇಲೆ ದೇಹಕ್ಕೆ ಉಳಿಯುವ ದಾರಿ ಒಂದೇ, ಬೆವರುವುದು ಮತ್ತು ಆ ಬೆವರು ಆರುವುದು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಮೈಯಿಂದ ಸುಮಾರು 580 ಕಿಲೊಕ್ಯಾಲರಿ ಶಾಖ ಹೊರಹೋಗುತ್ತದೆ. ಸುಮ್ಮನೆ ಕುಳಿತ ಮನುಷ್ಯನ ದೇಹದಲ್ಲಿ ಆರೇಳು ಗಂಟೆ ಹುಟ್ಟುವಷ್ಟು ಶಾಖ ಅದು. ಮಂಗಳೂರಿನ ತೇವದ ಗಾಳಿಯಲ್ಲಿ ಬೆವರು ಇಳಿಯುತ್ತದೆಯೇ ಹೊರತು ಬೇಗ ಆರುವುದಿಲ್ಲ. ನಮ್ಮ ಒಣಗಾಳಿಯಲ್ಲಿ ಅದು ಕಣ್ಣಿಗೆ ಕಾಣುವ ಮೊದಲೇ ಆರಿ, ಅಂಗಿಯ ಬೆನ್ನಿನ ಮೇಲೆ ಬಿಳಿ ಉಪ್ಪಿನ ಗೆರೆಗಳನ್ನಷ್ಟೇ ಉಳಿಸುತ್ತದೆ. ಈ ಒಣಬಿಸಿಲು ನಮ್ಮ ಪಾಲಿನ ಅನುಕೂಲವೂ ಹೌದು, ಅಪಾಯವೂ ಹೌದು. ಎಷ್ಟು ನೀರು ಕಳೆದುಕೊಂಡೆ ಎಂಬುದು ದುಡಿಯುವವನಿಗೇ ಗೊತ್ತಾಗುವುದಿಲ್ಲ, ಬಾಯಾರಿಕೆ ತಡವಾಗಿ ಬರುತ್ತದೆ. ಆದ್ದರಿಂದಲೇ ಬಿಸಿಲಿನಲ್ಲಿ ಮೈಮುರಿದು ದುಡಿಯುವವರು ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು ಎನ್ನುವುದು. ಹಾಗೆ ಕುಡಿಯಬೇಕಾದರೆ ನೀರು ಕೈಗೆಟಕುವ ದೂರದಲ್ಲಿರಬೇಕು, ತಣ್ಣಗಿರಬೇಕು, ಕುಡಿದ ಮೇಲೆ ಹೋಗಲು ಶೌಚಾಲಯವೂ ಇರಬೇಕು.

ಮೂರನೆಯದನ್ನು ಯಾವ ಬೇಸಿಗೆ ಸಭೆಯ ನಡಾವಳಿಯಲ್ಲಾದರೂ ಸೇರಿಸಿದ್ದಾರೆಯೇ? ಸಂತೆಯಲ್ಲಿ ತರಕಾರಿ ಹರಡಿಕೊಂಡು ಕೂರುವ ಹೆಂಗಸರು, ರಸ್ತೆ ಗುಡಿಸುವವರು, ಕಟ್ಟಡದ ಕೆಲಸಕ್ಕೆ ಬರುವವರು ಬೆಳಗಿನಿಂದ ಸಂಜೆವರೆಗೆ ಬೇಕೆಂದೇ ನೀರು ಕುಡಿಯದೆ ಇರುತ್ತಾರೆ. ಕುಡಿದರೆ ಹೋಗಲು ಜಾಗವಿಲ್ಲ, ಇದ್ದ ಜಾಗಕ್ಕೆ ಬೀಗ, ಇಲ್ಲವೇ ಹೋದರೆ ಗಾಡಿ ನೋಡಿಕೊಳ್ಳುವವರಿಲ್ಲ. ಇಂಥವರಿಗೆ ‘ಹೆಚ್ಚು ನೀರು ಕುಡಿಯಿರಿ’ ಎಂಬ ಫಲಕ ತೋರಿಸುವುದು ಕ್ರೌರ್ಯವಲ್ಲದಿದ್ದರೂ ಅದಕ್ಕೆ ಹತ್ತಿರದ್ದು. ಏಪ್ರಿಲ್, ಮೇ ತಿಂಗಳಲ್ಲಿ ಮಾರುಕಟ್ಟೆ ಮತ್ತು ಬಸ್ ನಿಲ್ದಾಣಗಳ ಸಾರ್ವಜನಿಕ ಶೌಚಾಲಯಗಳನ್ನು ಮಹಿಳೆಯರಿಗೆ ಶುಲ್ಕವಿಲ್ಲದೆ ಬೆಳಗಿನಿಂದ ರಾತ್ರಿಯವರೆಗೆ ತೆರೆದಿಡುವುದು ತಾಪಮಾನ ನಿರ್ವಹಣೆಯ ಕ್ರಮವೆಂದೇ ತಾವು ಪರಿಗಣಿಸಬೇಕು.

ಇನ್ನು ಅರವಟಿಗೆಯ ವಿಷಯ. ದಾರಿಹೋಕರಿಗೆ ನೀರುಣಿಸುವ ಅರವಟಿಗೆಗಳಿಗೆ ದತ್ತಿ ಬಿಟ್ಟದ್ದನ್ನು ಕನ್ನಡ ಶಾಸನಗಳು ದಾಖಲಿಸಿವೆ. ದತ್ತಿ ಎಂದರೆ ಒಮ್ಮೆ ಉದ್ಘಾಟಿಸಿ ಮರೆಯುವ ಖರ್ಚಲ್ಲ. ವರ್ಷವರ್ಷವೂ ಅದರ ಉತ್ಪನ್ನದಿಂದ ನೀರು ಹೊರುವವನ ಹೊಟ್ಟೆಗೆ ವ್ಯವಸ್ಥೆ ಮಾಡುವ ಏರ್ಪಾಡು. ಈಗಿನ ಅರವಟಿಗೆ ಹೇಗಿರುತ್ತದೆ ಎಂಬುದನ್ನು ತಾವು ಉದ್ಘಾಟನೆಯ ದಿನ ನೋಡಿರುತ್ತೀರಿ. ನಾನು ನೋಡಿರುವುದು ಉದ್ಘಾಟನೆಯ ಹದಿನೈದು ದಿನಗಳ ನಂತರದ್ದು. ನಾಲ್ಕು ಬೊಂಬು, ಮೇಲೆ ಹಸಿರು ಜಾಳಿಗೆ ಬಟ್ಟೆ, ಮುಂದೆ ದಾನಿಗಳ ಭಾವಚಿತ್ರವಿರುವ ಬ್ಯಾನರ್. ಮುಂಜಾನೆ ಬ್ಯಾನರಿನ ನೆರಳು ಗಡಿಗೆಗಳ ಮೇಲೆ ಬೀಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಅದು ರಸ್ತೆಗೆ ಸರಿದು ಗಡಿಗೆಗಳು ಬಿಸಿಲಿಗೆ ಬರುತ್ತವೆ. ಸರಪಳಿ ಕಟ್ಟಿದ ಸ್ಟೀಲ್ ಲೋಟ ಮುಟ್ಟಿದರೆ ಬೆರಳು ಚುರ್ ಎನ್ನುತ್ತದೆ. ಗಡಿಗೆಯ ಕೆಳಗಿನ ಮರಳು ಒಣಗಿ ಎಷ್ಟೋ ದಿನವಾಗಿರುತ್ತದೆ, ಎರಡು ಗಡಿಗೆಗಳು ಖಾಲಿ, ಮೂರನೆಯದರ ತಳದಲ್ಲಿ ನಾಲ್ಕು ಬೆರಳು ನೀರು. ಪಕ್ಕದ ಚಹಾದಂಗಡಿಯವರು ಪಾಪ ತಮ್ಮ ಕೊಡದಿಂದ ಒಂದಷ್ಟು ಸುರಿದು ಹೋಗುತ್ತಾರೆ. ದಾನಿಗಳ ಮುಖಕ್ಕೆ ಸಿಕ್ಕಿದ ವಿಸ್ತೀರ್ಣದಲ್ಲಿ ಅರ್ಧದಷ್ಟು ನೆರಳು ಗಡಿಗೆಗೆ ಸಿಕ್ಕಿದ್ದರೂ ನೀರು ತಣ್ಣಗಿರುತ್ತಿತ್ತು.

ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವುದೂ ಬೆವರಿನ ನಿಯಮದಂತೆಯೇ. ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಹೊರಮೈಯಲ್ಲಿ ಆರುತ್ತ ಒಳಗಿನ ಶಾಖವನ್ನು ಎಳೆದೊಯ್ಯುತ್ತದೆ. ಇದಕ್ಕೆ ನೆರಳೂ ಗಾಳಿಯೂ ಬೇಕು. ಗಡಿಗೆಯ ಹೊರಮೈಗೆ ಬಣ್ಣ ಬಳಿಯಬಾರದು (ಎಷ್ಟೋ ಕಡೆ ಅಂದಕ್ಕೆಂದು ಆಯಿಲ್ ಪೇಂಟ್ ಹೊಡೆದು ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತಾರೆ), ಕೆಳಗೆ ಹಸಿ ಮರಳಿರಬೇಕು, ಸುತ್ತ ಒದ್ದೆ ಗೋಣಿತಟ್ಟು ಸುತ್ತಿದ್ದರೆ ಇನ್ನೂ ಒಳ್ಳೆಯದು. ಲೋಟವನ್ನು ನೀರಿನಲ್ಲಿ ಅದ್ದದೆ ನಲ್ಲಿಯಿಂದ ಹಿಡಿಯುವಂತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗಡಿಗೆ ತುಂಬುವುದಕ್ಕೇ ಒಬ್ಬ ಮನುಷ್ಯನನ್ನು ಎರಡು ತಿಂಗಳ ಕೂಲಿಗೆ ನೇಮಿಸಬೇಕು. ಸ್ತ್ರೀಶಕ್ತಿ ಸಂಘಗಳಿಗೆ ಈ ಹೊಣೆಯನ್ನು ಹಣದ ಸಮೇತ ವಹಿಸಿದರೆ ಅವರು ನಡೆಸಿಯಾರು ಎಂಬ ನಂಬಿಕೆ ನನಗಿದೆ. ಹಣವಿಲ್ಲದೆ ಬರೀ ಹೊಣೆ ವಹಿಸುವ ಪದ್ಧತಿಯನ್ನು ಅವರೂ ಸಾಕಷ್ಟು ನೋಡಿದ್ದಾರೆ.

ನೀರಿನ ಜೊತೆಗೆ ಉಪ್ಪೂ ಹೋಗುತ್ತದೆ ಎಂಬುದನ್ನು ಜೋಳದ ಅಂಬಲಿ, ಉಪ್ಪು ಹಾಕಿದ ಮಜ್ಜಿಗೆ, ಲಿಂಬು ಶರಬತ್ತು ಕುಡಿಯುವ ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ರಾತ್ರಿ ಕುದಿಸಿಟ್ಟ ಅಂಬಲಿಗೆ ಬೆಳಿಗ್ಗೆ ಮಜ್ಜಿಗೆ, ಉಪ್ಪು ಬೆರೆಸಿ, ಹೆಚ್ಚಿದ ಉಳ್ಳಾಗಡ್ಡಿಯೊಂದಿಗೆ ಕುಡಿದು ಹೊಲಕ್ಕೆ ಹೋಗುವವರ ಹೊಟ್ಟೆಯಲ್ಲಿ ನೀರು, ಉಪ್ಪು, ಹಿಟ್ಟು ಮೂರೂ ಇರುತ್ತವೆ. ಊರು ಬಿಟ್ಟು ಪಟ್ಟಣಕ್ಕೆ ದುಡಿಯಲು ಬಂದು ಬಾಡಿಗೆ ಕೋಣೆಯಲ್ಲಿ ಇರುವವರಿಗೆ ಈ ಅಂಬಲಿ ಸಿಗುವುದಿಲ್ಲ. ಅವರ ಬೆಳಗು ಒಂದು ಚಹಾ, ಎರಡು ಬನ್ನಿನಲ್ಲಿ ಮುಗಿಯುತ್ತದೆ. ಇಂದಿರಾ ಕ್ಯಾಂಟೀನುಗಳಲ್ಲಿ ಈ ಎರಡು ತಿಂಗಳು ಅಂಬಲಿಯೋ ಮಜ್ಜಿಗೆಯೋ ಸೇರಿಸಿದರೆ ಅಡುಗೆಯವರಿಗೆ ದೊಡ್ಡ ಹೊರೆಯೇನೂ ಅಲ್ಲ. ಕೆಲಸದ ಸ್ಥಳಗಳಲ್ಲಿ ಓಆರ್‌ಎಸ್ ಪೊಟ್ಟಣಗಳನ್ನು ಇಡುವುದಾದರೆ, ಅದನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಬೇಕು, ಸಾಮಾನ್ಯವಾಗಿ ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್, ಎಂದು ಮೇಸ್ತ್ರಿಗಳಿಗೆ ತಿಳಿಸಿಕೊಡಬೇಕು. ಪೊಟ್ಟಣ ಇಲ್ಲದ ಕಡೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಸಾಕು. ಓಆರ್‌ಎಸ್ ಎಂಬ ಹೆಸರು ಹೊತ್ತ ಸಿಹಿ ಪಾನೀಯಗಳು ಅಂಗಡಿಗಳಲ್ಲಿ ಬಹುಕಾಲ ಮಾರಾಟವಾಗಿ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ಆ ಹೆಸರಿನ ಬಳಕೆಯನ್ನು ತಡೆಯಬೇಕಾಗಿ ಬಂತು. ಹಳ್ಳಿಯ ಅಂಗಡಿಗಳಲ್ಲಿ ಹಳೆಯ ಡಬ್ಬಿಗಳು ಇನ್ನೂ ಇವೆಯೇ ಎಂದು ತಮ್ಮ ಆಹಾರ ಸುರಕ್ಷತಾ ಅಧಿಕಾರಿಗಳು ನೋಡಿದರೆ ಒಳ್ಳೆಯದು. ಅದೇ ತಿರುಗಾಟದಲ್ಲಿ ಕಬ್ಬಿನ ಹಾಲಿಗೂ ಶರಬತ್ತಿಗೂ ಹಾಕುವ ಮಂಜುಗಡ್ಡೆ ಯಾವ ನೀರಿನದು ಎಂದೂ ವಿಚಾರಿಸಲಿ. ಮೀನು ಕೆಡದಂತೆ ಇಡಲು ತಯಾರಿಸಿದ ಮಂಜುಗಡ್ಡೆ ಲೋಟಕ್ಕೆ ಬಿದ್ದರೆ ತಂಪಿಗೆಂದು ಕುಡಿದವರು ವಾಂತಿಭೇದಿಯಿಂದ ಮಲಗುತ್ತಾರೆ.

ದುಡಿಮೆಯ ಸ್ಥಳದ ಮಾತು ಇಲ್ಲಿಗೆ ನಿಲ್ಲಿಸಿ ಮನೆಗೆ ಬರುತ್ತೇನೆ. ಹಗಲು ಬಿಸಿಲಿನಲ್ಲಿ ಕಳೆದ ದೇಹ ರಾತ್ರಿ ತಣಿಯದಿದ್ದರೆ ಮರುದಿನದ ಬಿಸಿಲಿಗೆ ಅರ್ಧ ಸೋತೇ ಹೊರಡುತ್ತದೆ. ನಮ್ಮ ಭಾಗದ ಹಳೆಯ ಮನೆಗಳು ಈ ಲೆಕ್ಕ ತಿಳಿದು ಕಟ್ಟಿದವು. ಮೊಳಕ್ಕಿಂತ ದಪ್ಪದ ಮಣ್ಣು ಕಲ್ಲಿನ ಗೋಡೆ, ಮೇಲೆ ಮಣ್ಣು ಹಾಸಿದ ಮಾಳಿಗೆ, ಬೆಳಕಿಗೆ ನೆತ್ತಿಯಲ್ಲೊಂದು ಬೆಳಕಿಂಡಿ. ಹಗಲಿನ ಶಾಖ ಒಳಗೆ ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು, ಸಂಜೆಗೆ ಮನೆಯವರು ಮಾಳಿಗೆಯ ಮೇಲೆ ನೀರು ಚಿಮುಕಿಸಿ ಹಾಸಿಗೆ ಹಾಸುತ್ತಿದ್ದರು. ಈಗ ಆ ಜಾಗದಲ್ಲಿ ನಾಲ್ಕೈದು ಇಂಚಿನ ಕಾಂಕ್ರೀಟು ತಾರಸಿ ಬಂದಿದೆ, ಬಡಾವಣೆಯ ಅಂಚಿನಲ್ಲಿ ತಗಡು ಬಂದಿದೆ. ಕಾಂಕ್ರೀಟು ಹಗಲೆಲ್ಲ ಕುಡಿದ ಶಾಖವನ್ನು ಜನ ಮಲಗುವ ಹೊತ್ತಿಗೆ ಸರಿಯಾಗಿ ಕೆಳಗೆ ಬಿಡುತ್ತದೆ. ಅದರ ಕೆಳಗೆ ತಿರುಗುವ ಫ್ಯಾನು ಅದೇ ಬಿಸಿಯನ್ನು ತಂದು ಮೈಮೇಲೆ ಸುರಿಯುತ್ತದೆ. ತಗಡು ಕಾಯುವುದೂ ಬೇಗ, ಆರುವುದೂ ಬೇಗ. ಆದರೆ ಮಧ್ಯಾಹ್ನ ಅದರಡಿ ಬಾಣಂತಿಯನ್ನೋ ವಯಸ್ಸಾದವರನ್ನೋ ಇರಿಸುವುದು ಅಸಾಧ್ಯ. ತಗಡಿನ ಮೇಲೆ ತೊಗರಿ ಕಟ್ಟಿಗೆಯನ್ನೂ ಜೋಳದ ಕಣಿಕೆಯನ್ನೂ ಒಂದು ಮೊಳ ದಪ್ಪಕ್ಕೆ ಹಾಸಿ, ಹಾರದಂತೆ ಕಲ್ಲು ಹೇರಿ, ಸಂಜೆಗೊಮ್ಮೆ ಗೋಣಿತಟ್ಟು ನೆನೆಸಿ ಹೊದಿಸುವ ಮನೆಗಳನ್ನು ನಮ್ಮ ಊರುಗಳ ಅಂಚಿನಲ್ಲಿ ಯಾರು ಬೇಕಾದರೂ ನೋಡಬಹುದು. ಬೆಂಕಿಯ ಭಯ ಇದ್ದೇ ಇರುತ್ತದೆ, ಆದರೂ ಬೇರೆ ದಾರಿ ಇಲ್ಲದ್ದರಿಂದ ಹಾಸುತ್ತಾರೆ.

ಇದಕ್ಕಿಂತ ಸುರಕ್ಷಿತವಾದ, ಅಗ್ಗದ ದಾರಿ ಸುಣ್ಣ. ತಾರಸಿಗೆ ಸುಣ್ಣವನ್ನೋ ಬಿಸಿಲು ಹಿಂದಿರುಗಿಸುವ ಬಿಳಿ ಬಣ್ಣವನ್ನೋ ದಪ್ಪವಾಗಿ ಬಳಿದರೆ ಕೋಣೆಯ ಒಳಗೆ ಎರಡರಿಂದ ಐದು ಡಿಗ್ರಿಯವರೆಗೂ ಬಿಸಿ ಇಳಿಯುತ್ತದೆ ಎಂಬುದು ಬಳಿದ ಕಡೆಗಳ ಅನುಭವ. ಅಹಮದಾಬಾದಿನಲ್ಲಿ ಬಡವರ ಮನೆಗಳ ಚಾವಣಿಗೆ ಹೀಗೆ ಬಿಳಿ ಬಳಿಯುವ ಕೆಲಸ 2017ರಲ್ಲಿ ಆರಂಭವಾಯಿತು. ನಮ್ಮ ಗಡಿಗೆ ಹೊಂದಿಕೊಂಡ ತೆಲಂಗಾಣ 2023ರಲ್ಲಿ ಇದಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಸೇಡಂ ದಾಟಿದರೆ ತೆಲಂಗಾಣ, ರಾಯಚೂರಿನಿಂದ ಕೃಷ್ಣಾ ನದಿ ದಾಟಿದರೂ ತೆಲಂಗಾಣ. ಬಿಸಿಲಿಗೆ ಎರಡೂ ಕಡೆ ಗಡಿಯಿಲ್ಲ, ನೀತಿಗೆ ಮಾತ್ರ ಇದೆ. ಸುಣ್ಣ ಎರಡು ಮಳೆಗೆ ತೊಳೆದುಹೋಗುತ್ತದೆ, ಧೂಳು ಕೂತು ಮಾಸುತ್ತದೆ ಎಂದು ಎಂಜಿನಿಯರುಗಳು ಆಕ್ಷೇಪಿಸುತ್ತಾರೆ. ಅದು ನಿಜ. ಆದ್ದರಿಂದ ಅದನ್ನು ಪ್ರತಿ ಫೆಬ್ರುವರಿಯಲ್ಲಿ ಬಳಿಯಬೇಕು, ಪ್ರತಿ ದೀಪಾವಳಿಗೆ ಮನೆಯ ಗೋಡೆಗೆ ಬಳಿಯುವುದಿಲ್ಲವೇ? ಅಂಗನವಾಡಿ, ಸರ್ಕಾರಿ ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ವಿದ್ಯಾರ್ಥಿನಿಲಯಗಳ ಚಾವಣಿಗಳಿಂದ ಇದನ್ನು ಆರಂಭಿಸಬಹುದು. ನಂತರ ಆಶ್ರಯ ಕಾಲೊನಿಗಳಿಗೆ ಸುಣ್ಣ, ಕುಂಚ, ಕೂಲಿ ಮೂರನ್ನೂ ಒದಗಿಸಬಹುದು.

ಕೂಲರ್ ಕೊಳ್ಳಬಲ್ಲ ಮನೆಗಳ ಸಾರ್ವಜನಿಕರಿಗೆ ನನ್ನದೊಂದು ನೇರ ಮಾತು. ನೀರಿನ ಕೂಲರ್ ನಮ್ಮ ಒಣ ಹವೆಗೆ ಹೇಳಿ ಮಾಡಿಸಿದ ಯಂತ್ರ, ಆದರೆ ಕಿಟಕಿ ಬಾಗಿಲು ಮುಚ್ಚಿಕೊಂಡು ಹಚ್ಚಿದರೆ ಅರ್ಧ ಗಂಟೆಯಲ್ಲಿ ಕೋಣೆಯ ಗಾಳಿಯೆಲ್ಲ ತೇವವಾಗಿ ಮೈ ಜಿಗಟಾಗುತ್ತದೆ. ಅದನ್ನು ಹೊರಗಿನ ಗಾಳಿ ಎಳೆದುಕೊಳ್ಳುವಂತೆ ಕಿಟಕಿಗೆ ಕೂರಿಸಿ, ಎದುರಿನ ಕಿಟಕಿಯನ್ನು ಸ್ವಲ್ಪ ತೆರೆದಿಡಬೇಕು. ವಾರಕ್ಕೊಮ್ಮೆ ತೊಟ್ಟಿಯ ನೀರು ಚೆಲ್ಲಿ ಒರೆಸಿ ಒಣಗಿಸಬೇಕು, ಇಲ್ಲದಿದ್ದರೆ ಡೆಂಗಿ ಸೊಳ್ಳೆ ಸಾಕಿದಂತೆ. ಕೂಲರ್ ಇಲ್ಲದವರು ಬೆಳಿಗ್ಗೆ 9ರ ನಂತರ ಬಿಸಿಲು ಬೀಳುವ ದಿಕ್ಕಿನ ಕಿಟಕಿಗಳನ್ನು ಮುಚ್ಚಿ ಹೊರಗಿನಿಂದ ಪರದೆ ಇಳಿಬಿಡುವುದು, ರಾತ್ರಿ ಎಲ್ಲವನ್ನೂ ತೆರೆಯುವುದು, ಗಾಳಿ 40 ಡಿಗ್ರಿ ಮೀರಿದಾಗ ಬರೀ ಫ್ಯಾನನ್ನು ನಂಬದೆ ಒದ್ದೆ ಬಟ್ಟೆಯಿಂದ ಮೈಕೈ ಒರೆಸಿಕೊಂಡು ಅದರ ಕೆಳಗೆ ಕೂರುವುದು, ಇಷ್ಟು ಮಾಡಬಹುದು. ವಯಸ್ಸಾದವರಿಗೆ ಬೆವರು ಕಡಿಮೆ, ಬಾಯಾರಿಕೆಯೂ ಕಡಿಮೆ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಬೇಸಿಗೆಯಲ್ಲಿ ಅದರ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಬೇಕು, ತಾವೇ ನಿಲ್ಲಿಸಬಾರದು. ವಿದ್ಯುತ್ ಸರಬರಾಜು ಕಂಪನಿಗೂ ಒಂದು ವಿನಂತಿ: ನಿರ್ವಹಣಾ ಕಾಮಗಾರಿಗೆಂದು ಮೊದಲೇ ಪ್ರಕಟಿಸಿ ಕರೆಂಟು ತೆಗೆಯುವುದನ್ನು ಈ ಎರಡು ತಿಂಗಳಾದರೂ ನಡುಮಧ್ಯಾಹ್ನಕ್ಕೆ ಇಟ್ಟುಕೊಳ್ಳಬೇಡಿ.

ಊರಿನ ನೆರಳು ಇನ್ನೊಂದು ವಿಷಯ. ನಮ್ಮ ಅನೇಕ ಪಟ್ಟಣಗಳಲ್ಲಿ ಉದ್ಯಾನಗಳು ಬೆಳಗಿನ ವಾಯುವಿಹಾರ ಮುಗಿದ ಕೂಡಲೇ ಮುಚ್ಚಿ ಸಂಜೆ ತೆರೆಯುತ್ತವೆ. ಅಂದರೆ ಊರಿನಲ್ಲಿ ಉಳಿದಿರುವ ಅಷ್ಟಿಷ್ಟು ಮರದ ನೆರಳಿಗೆ ಅದು ಅತ್ಯಗತ್ಯವಾದ ಗಂಟೆಗಳಲ್ಲೇ ಬೀಗ. ಇದನ್ನು ಬದಲಿಸಲು ಒಂದು ಸುತ್ತೋಲೆ ಸಾಕು, ಅನುದಾನ ಬೇಡ. ಗಿಡ ನೆಡುವವರು ಜಾತಿಯನ್ನೂ ನೋಡಬೇಕು. ಬೇವು ಯುಗಾದಿಯ ಹೊತ್ತಿಗೆ ಹೊಸ ಎಲೆ ಹೊತ್ತು ಏಪ್ರಿಲ್‌ನಲ್ಲಿ ದಟ್ಟವಾಗಿರುತ್ತದೆ, ಹೊಂಗೆಯೂ ಅದರ ಬೆನ್ನಿಗೇ ಚಿಗುರುತ್ತದೆ. ರಸ್ತೆ ವಿಭಜಕಗಳ ಅಂದಕ್ಕೆ ನೆಡುವ ಗುಲ್‌ಮೊಹರ್ ನಮ್ಮ ಬೇಸಿಗೆಯಲ್ಲಿ ಎಲೆ ಉದುರಿಸಿ ಕೆಂಪು ಹೂವು ತೋರಿಸುತ್ತದೆ. ನೋಡಲು ಚೆಂದ, ನಿಲ್ಲಲು ನೆರಳಿಲ್ಲ. ರಸ್ತೆ ಅಗಲಿಸುವಾಗ ಕಡಿದ ಬೇವಿನ ಬದಲಿಗೆ ಹತ್ತು ಅಲಂಕಾರದ ಸಸಿ ನೆಟ್ಟೆವು ಎಂದು ವರದಿ ಬರೆದರೆ ಅದು ಲೆಕ್ಕಕ್ಕೆ ಸರಿಹೋಗಬಹುದು, ಬಸ್ಸಿಗೆ ಕಾಯುವ ಬಸುರಿಗೆ ಸರಿಹೋಗುವುದಿಲ್ಲ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದವರು ನೆಲದಡಿ ತೋಡಿದ ಕರೇಜ್ ಸುರಂಗವನ್ನೂ, ವಿಜಯಪುರದ ಬಳಿ ಕುಮಟಗಿಯಲ್ಲಿ ಆದಿಲ್‌ಶಾಹಿಗಳು ನೀರಿನ ನಡುವೆ ಕಟ್ಟಿಸಿಕೊಂಡ ಬೇಸಿಗೆ ಮಂಟಪವನ್ನೂ ಪ್ರವಾಸಿಗಳಿಗೆ ತೋರಿಸಿ ನಾವು ಹೆಮ್ಮೆಪಡುತ್ತೇವೆ. ಮೊದಲನೆಯದು ಊರಿಗೆ ನೀರು ಕೊಟ್ಟಿತು, ಎರಡನೆಯದು ಅರಸನಿಗೆ ತಂಪು ಕೊಟ್ಟಿತು. ನಮಗೆ ಈಗ ಬೇಕಿರುವುದು ಮೊದಲನೆಯ ಬಗೆಯದು.

ಕೆಲಸದ ವೇಳೆಗೆ ಮರಳುತ್ತೇನೆ, ಈ ಪತ್ರದ ಮೂಲ ಬೇಡಿಕೆ ಅದೇ ಆಗಿರುವುದರಿಂದ. ಉದ್ಯೋಗ ಖಾತರಿ ಕೆಲಸಗಳಲ್ಲಿ ಬೇಸಿಗೆಯ ತಿಂಗಳುಗಳಿಗೆ ಕೆಲಸದ ಪ್ರಮಾಣ ತಗ್ಗಿಸಿ ಕೂಲಿ ಪೂರ್ತಿ ಕೊಡುವ ಕ್ರಮ ನಮ್ಮ ಭಾಗದಲ್ಲಿ ಇತ್ತು; ಯೋಜನೆಯ ಹೆಸರು, ಕಾನೂನು ಏನೇ ಆಗಲಿ, ಆ ರಿಯಾಯಿತಿ ಉಳಿಯಬೇಕು. ಅಲ್ಲಿ ಸಾಧ್ಯವಾದದ್ದು ಗುತ್ತಿಗೆದಾರರ ಕಾಮಗಾರಿಯಲ್ಲಿ ಏಕೆ ಸಾಧ್ಯವಿಲ್ಲ? ಸರ್ಕಾರಿ ರಸ್ತೆ, ಕಟ್ಟಡ, ಕಾಲುವೆ ಕಾಮಗಾರಿಗಳ ಟೆಂಡರ್ ಷರತ್ತಿನಲ್ಲೇ ಏಪ್ರಿಲ್, ಮೇ ತಿಂಗಳು ಮಧ್ಯಾಹ್ನ 12ರಿಂದ 4ರವರೆಗೆ ಬಯಲು ಕೆಲಸ ಮಾಡಿಸತಕ್ಕದ್ದಲ್ಲ, ಬೆಳಿಗ್ಗೆ 6ಕ್ಕೆ ಆರಂಭಿಸತಕ್ಕದ್ದು, ಸ್ಥಳದಲ್ಲಿ ನೆರಳು, ತಣ್ಣೀರು, ಶೌಚಾಲಯ ಇರತಕ್ಕದ್ದು ಎಂದು ಬರೆಯಲು ತಮಗೆ ಅಧಿಕಾರವಿದೆ. ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಹರಾಜನ್ನೂ ತೂಕವನ್ನೂ ಮುಂಜಾನೆಗೆ ಹಾಕಿದರೆ ಹಮಾಲರ ಹೊರೆ ಕೆಲಸ 11ರೊಳಗೆ ಬಹುಪಾಲು ಮುಗಿಯುತ್ತದೆ. ವರ್ತಕರು ಗೊಣಗುತ್ತಾರೆ, ಎರಡು ವಾರದಲ್ಲಿ ಒಗ್ಗಿಕೊಳ್ಳುತ್ತಾರೆ. ಪೌರಕಾರ್ಮಿಕರ ಎರಡನೇ ಸುತ್ತಿನ ಕೆಲಸವನ್ನು ಸಂಜೆಗೆ ಸರಿಸಬಹುದು. ಅವರಿಗೆ ಕೊಡುವ ಹೊಳೆಯುವ ಮೇಲಂಗಿ ಗಾಳಿಯಾಡದ ಪಾಲಿಯೆಸ್ಟರಿನದು, ಅದರ ಬದಲು ಜಾಳಿಗೆಯದನ್ನು ತರಿಸಬಹುದು.

ಹೊಸದಾಗಿ ಕೆಲಸಕ್ಕೆ ಬಂದವರನ್ನು ಮೊದಲ ದಿನವೇ ಪೂರ್ತಿ ಹೊತ್ತು ಬಿಸಿಲಿಗೆ ಬಿಡಬಾರದು ಎಂಬುದನ್ನೂ ಇದರೊಡನೆ ಸೇರಿಸಬೇಕು. ದೇಹ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಆ ಅವಧಿಯಲ್ಲಿ ಬೆವರು ಬೇಗ ಬರತೊಡಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಊರ ಜಾತ್ರೆಗೆ ಹೋಗಿ ಹತ್ತಾರು ದಿನ ವಿಶ್ರಾಂತಿ ಪಡೆದು ಮರಳಿದವರಿಗೂ ಇದು ಅನ್ವಯಿಸುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವರಿಗೆ ಬಿಸಿಲು ಬಡಿಯುತ್ತದೆ. ಬಿಸಿಲಿನಲ್ಲಿದ್ದವನು ತೊದಲತೊಡಗಿದರೆ, ಅಸಂಬದ್ಧ ಮಾತಾಡಿದರೆ, ತೂರಾಡಿ ಬಿದ್ದರೆ, ಮೈ ಕಾದ ಹಂಚಿನಂತಿದ್ದರೆ ಅದು ಸುಸ್ತಲ್ಲ, ಕುಡಿತವೂ ಅಲ್ಲ; ದೇಹದ ಒಳಗಿನ ಉಷ್ಣಾಂಶ 40 ಡಿಗ್ರಿ ದಾಟಿರಬಹುದು. ಬೆವರು ನಿಂತಿರಬೇಕೆಂದಿಲ್ಲ, ದುಡಿಯುತ್ತಿದ್ದವರಲ್ಲಿ ಬೆವರು ಇದ್ದಾಗಲೂ ಇದು ಸಂಭವಿಸುತ್ತದೆ. 108ಕ್ಕೆ ಕರೆ ಮಾಡುವುದರ ಜೊತೆಗೆ, ಗಾಡಿ ಬರುವ ತನಕ ಕಾಯದೆ ನೆರಳಿಗೆ ಎತ್ತೊಯ್ದು ಬಟ್ಟೆ ಸಡಿಲಿಸಿ, ಕೊಡಗಟ್ಟಲೆ ನೀರು ಸುರಿದು ಗಾಳಿ ಬೀಸಬೇಕು, ಮಂಜುಗಡ್ಡೆ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕಂಕುಳು, ಕತ್ತು, ತೊಡೆಸಂದಿಗೆ ಇಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು; ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಮೇಸ್ತ್ರಿಗಳು, ಬಸ್ ನಿರ್ವಾಹಕರು, ಸಂಚಾರ ಪೊಲೀಸರು, ಆಶಾ ಕಾರ್ಯಕರ್ತೆಯರು ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲರು. ತಾಲ್ಲೂಕು ಆಸ್ಪತ್ರೆಗಳಲ್ಲಿ ಬಿಸಿಲು ಬಡಿದವರಿಗೆಂದು ಹಾಸಿಗೆ ಕಾಯ್ದಿರಿಸಿದ್ದರೆ ಸಾಲದು, ಅದರ ಪಕ್ಕದಲ್ಲಿ ಮಂಜುಗಡ್ಡೆಯೂ ಗುದದಲ್ಲಿಟ್ಟು ಅಳೆಯುವ ಉಷ್ಣಮಾಪಕವೂ ಇರಬೇಕು.

2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದ್ ನಗರದಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾಗಿದ್ದವು ಎಂದು ನಂತರದ ಅಧ್ಯಯನ ಲೆಕ್ಕ ಹಾಕಿತು. ಬಿಸಿಲಿನಿಂದ ಸತ್ತವರು ಎಂದು ಆಗ ದಾಖಲಾದವರು ಅದರ ಒಂದು ಸಣ್ಣ ಪಾಲಷ್ಟೇ. ಉಳಿದವರ ಹೆಸರಿನ ಮುಂದೆ ಹೃದಯಾಘಾತ, ಮೂತ್ರಪಿಂಡ ವೈಫಲ್ಯ, ವಯೋಸಹಜ ಎಂಬಿತ್ಯಾದಿ ಕಾರಣಗಳು ಇದ್ದಿರಬೇಕು. ಆ ಲೆಕ್ಕ ಕೈಗೆ ಬಂದದ್ದರಿಂದ 2013ರಲ್ಲಿ ಆ ನಗರ ದಕ್ಷಿಣ ಏಷ್ಯಾದಲ್ಲೇ ಮೊದಲನೆಯದೆನಿಸಿದ ಬಿಸಿಲು ನಿರ್ವಹಣಾ ಯೋಜನೆಯನ್ನು ಜಾರಿಗೆ ತಂದಿತು. ನಮ್ಮ ಜಿಲ್ಲೆಗಳಲ್ಲಿ ಇಂತಹ ಲೆಕ್ಕ ಸುಲಭವಾಗಿ ಹಾಕಬಹುದು: ಕಳೆದ ಹತ್ತು ವರ್ಷಗಳ ಏಪ್ರಿಲ್, ಮೇ ತಿಂಗಳ ದಿನವಾರು ಮರಣ ನೋಂದಣಿಯನ್ನು ಅದೇ ದಿನಗಳ ಉಷ್ಣಾಂಶದ ಎದುರಿಗೆ ಇಟ್ಟು ನೋಡಿದರಾಯಿತು. ಎರಡೂ ದಾಖಲೆ ಸರ್ಕಾರದ ಬಳಿಯೇ ಇವೆ. ಮೊದಲು ಒಂದು ಜಿಲ್ಲೆಯಲ್ಲಾದರೂ ಇದನ್ನು ಮಾಡಿ ಜನರ ಮುಂದಿಡಿ.

ಮುಂದಿನ ಬೇಸಿಗೆಯಲ್ಲಿ ಕಚೇರಿ ವೇಳೆ ಬದಲಿಸುವ ಆದೇಶ ತಮ್ಮ ಮೇಜಿಗೆ ಬಂದಾಗ, ಅದರ ಜೊತೆಗೆ ತಮ್ಮ ಸಹಿಯ ಎರಡು ಪುಟಗಳ ಅನುಬಂಧವನ್ನು ಹೊರಡಿಸಬೇಕೆಂದು ಕೋರುತ್ತೇನೆ. ಬಯಲು ಕಾಮಗಾರಿಗಳ ವೇಳೆ, ಮಾರುಕಟ್ಟೆಯ ವೇಳೆ, ಉದ್ಯಾನ ಮತ್ತು ಶೌಚಾಲಯಗಳ ವೇಳೆ ಮೊದಲ ಪುಟದಲ್ಲಿರಲಿ. ಯಾವ ಅರವಟಿಗೆಗೆ ಯಾರು ಹೊಣೆ, ಯಾವ ಕಟ್ಟಡಗಳ ಚಾವಣಿಗೆ ಯಾವ ದಿನಾಂಕದೊಳಗೆ ಸುಣ್ಣ, ದೂರು ಕೊಡಬೇಕಾದ ಅಧಿಕಾರಿಯ ಹುದ್ದೆ ಮತ್ತು ದೂರವಾಣಿ ಎರಡನೆಯದರಲ್ಲಿರಲಿ. ಫೆಬ್ರುವರಿಯಲ್ಲಿ ಅದರ ಕರಡನ್ನು ಗ್ರಾಮ ಪಂಚಾಯಿತಿಗಳ ಸೂಚನಾ ಫಲಕಕ್ಕೆ ಹಚ್ಚಿದರೆ ಹಮಾಲರ ಸಂಘದವರೂ ಬೀದಿ ವ್ಯಾಪಾರಿಗಳೂ ತಮ್ಮ ತಿದ್ದುಪಡಿಗಳನ್ನು ಕೊಡುತ್ತಾರೆ, ನಾನೂ ಕೊಡುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,
ಇಂತಿ ತಮ್ಮ ವಿಶ್ವಾಸಿ,
ಕಲಬುರಗಿ ಜಿಲ್ಲೆಯ ಒಬ್ಬ ನಿವಾಸಿ